ಆಷಾಢದ ಖಾಲಿ ಮಂಟಪಗಳು

"ಮೊದಲು ಇಂಡೋರ್ ಸ್ಟೇಡಿಯಂ ಆಗ್ಲಿ, ಬ್ಯಾಡ್ಮಿಂಟನ್ ಆಮೇಲೆ ನೋಡೋಣ." ನಮ್ಮ ಕಡೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಸ್ಟೇಡಿಯಂ ಬೇಡ ಅಂದವರ್ಯಾರು? ಅಲ್ಲೀವರೆಗೆ ಮಕ್ಕಳು ಏನು ಮಾಡ್ಬೇಕು ಸ್ವಾಮೀ?

16 ಗರಿಯ ಶಟಲ್ ಕಾಕ್ ಸುಮಾರು 5 ಗ್ರಾಂ ತೂಗುತ್ತೆ. ಕಡಲ ಗಾಳಿಗೆ ಅದು ಹೇಳಿದ ಮಾತು ಕೇಳೋದಿಲ್ಲ. ಜೂನ್ ಬಂದರೆ ಮಳೆ ಬೇರೆ. 1870ರ ದಶಕದಲ್ಲಿ ಪುಣೆಯ ಬ್ರಿಟಿಷರು ನಿಯಮ ಬರೆದ, ಇಂಗ್ಲೆಂಡಿನ ಬಂಗಲೆಯೊಂದರ ಹೆಸರು ಹೊತ್ತ ಈ ಆಟ 1992ರಲ್ಲಿ ಒಲಿಂಪಿಕ್ಸ್ ಪದಕದ ಆಟವಾಯ್ತು. ಇಂಡೋನೇಷ್ಯಾದಿಂದ ಡೆನ್ಮಾರ್ಕ್‌ವರೆಗೂ ಹಬ್ಬಿತು. ಇದಕ್ಕೆ ದೊಡ್ಡ ಮೈದಾನ ಬೇಡವಲ್ಲ! 44 ಅಡಿ ಉದ್ದ, 20 ಅಡಿ ಅಗಲದ ಅಂಕಣ, ಸುತ್ತ ಒಂದಿಷ್ಟು ಜಾಗ, ಮೇಲೆ ಎತ್ತರದ ಸೂರು ಸಾಕು.

ಭಟ್ಕಳ ದಾಟಿ ತೆಂಕಕ್ಕೆ ಹೋದರೆ ಪಡುಕೋಣೆ ಸಿಗುತ್ತೆ. ಆ ಊರಿನ ಹೆಸರು ಹೊತ್ತ ಪ್ರಕಾಶ್ 1980ರಲ್ಲಿ ಲಿಯೆಮ್ ಸ್ವೀ ಕಿಂಗ್‌ರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಅವರು ಆಟ ಕಲಿತದ್ದು ಎಲ್ಲಿ ಗೊತ್ತಾ? ಬೆಂಗಳೂರು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ! ಮದುವೆ ಇದ್ದ ದಿನ ಆಟಕ್ಕೆ ರಜೆ.

ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಕಲ್ಯಾಣ ಮಂಟಪಗಳಿಗೇನು ಬರವೇ? ಆಷಾಢದಲ್ಲಿ ಬಹಳಷ್ಟು ಮನೆಗಳಲ್ಲಿ ಮದುವೆ ಇಲ್ಲ. ಮಕ್ಕಳಿಗೆ ಆಡೋಕೆ ಜಾಗವಿಲ್ಲದ ಮಳೆಗಾಲದಲ್ಲೇ ಮಂಟಪಗಳಿಗೆ ಬೀಗ!

"ನೆಲ ಹಾಳಾಗುತ್ತೆ" ಅಂತೀರಾ? ಸಾವಿರ ಜನ ಉಂಡೆದ್ದಾಗ ಹಾಳಾಗದ ನೆಲ, ನಾಲ್ಕು ಮಕ್ಕಳ ಕಾಲಿಗೆ ಸವೆಯುತ್ತಾ? ಸೂರು ತಗ್ಗಿದ್ದರೆ, ಟೈಲ್ಸ್ ಜಾರಿದರೆ ಆ ಹಾಲ್ ಬಿಡಿ. ಉಳಿದವಕ್ಕೆ ಒಂದು ನೆಟ್, ಸಂಜೆ ಎರಡು ತಾಸು, ಕರೆಂಟಿನ ಖರ್ಚಿಗಷ್ಟು ಬಾಡಿಗೆ. ಬೀಗ ತೆಗೆಯೋಕೂ ಅನುದಾನ ಬೇಕಾ?

ನಿಮ್ಮೂರಲ್ಲಿ ಹೇಗೆ? ಬೀಗವೋ, ಆಟವೋ?