ಕಬ್ಬಿಣವೂ ಸೀಸವೂ

ಶಬ್ದವು ಗಾಳಿಯಲ್ಲಿ ಮೆಲ್ಲಗೂ, ನೀರಿನಲ್ಲಿ ಅದಕ್ಕಿಂತ ವೇಗವಾಗಿಯೂ, ಕಬ್ಬಿಣದಲ್ಲಿ ಅತಿವೇಗವಾಗಿಯೂ ಸಂಚರಿಸುವುದೆಂದು ಪ್ರೌಢಶಾಲೆಯ ಹುಡುಗಿಯರು ತಡವರಿಸದೆ ಒಪ್ಪಿಸುವರು. ಏಕೆಂದು ಕೇಳಿದರೆ, "ಕಬ್ಬಿಣವು ಹೆಚ್ಚು ಸಾಂದ್ರವಾದುದರಿಂದ" ಎಂಬ ಉತ್ತರವೂ ಅನೇಕರಲ್ಲಿ ಸಿದ್ಧವಾಗಿರುವುದು. ಈ ಉತ್ತರಕ್ಕೆ ಅಂಕಗಳು ದೊರೆಯುವುದುಂಟು. ಆದರೆ ಉತ್ತರವು ಸರಿಯಲ್ಲ.

ಸೀಸವನ್ನು ನೋಡಿರಿ. ಅದರ ಸಾಂದ್ರತೆಯು ಕಬ್ಬಿಣದ ಸಾಂದ್ರತೆಗಿಂತ ಬಹಳ ಹೆಚ್ಚು. ಆದರೂ ಕಬ್ಬಿಣದ ಸರಳಿನಲ್ಲಿ ಸೆಕೆಂಡಿಗೆ ಸುಮಾರು 5,000 ಮೀಟರು ಓಡುವ ಶಬ್ದವು ಸೀಸದ ಸರಳಿನಲ್ಲಿ ಸುಮಾರು 1,200 ಮೀಟರು ಮಾತ್ರವೇ ಸಾಗುವುದು. ನಮ್ಮ ಅಡಿಗೆಮನೆಯ ಅಲ್ಯೂಮಿನಿಯಮ್ ಕಬ್ಬಿಣದ ಮೂರರಲ್ಲೊಂದು ಪಾಲಿನಷ್ಟು ಹಗುರ. ಆದರೆ ಅದರಲ್ಲಿ ಶಬ್ದದ ವೇಗವು ಬಹುಮಟ್ಟಿಗೆ ಕಬ್ಬಿಣದಲ್ಲಿರುವಷ್ಟೇ. ವಾಯುಗಳಲ್ಲೆಲ್ಲಾ ಹಗುರವಾದ ಜಲಜನಕದಲ್ಲಾದರೋ ಗಾಳಿಯಲ್ಲಿಗಿಂತ ಸುಮಾರು ನಾಲ್ಕು ಪಟ್ಟು ವೇಗ. ಸಾಂದ್ರತೆಯೇ ಕಾರಣವಾಗಿದ್ದರೆ ಇವೆಲ್ಲವೂ ತಲೆಕೆಳಗಾಗಿರಬೇಕಾಗಿತ್ತು.

ನಿಜವಾದ ಕಾರಣವು ಪದಾರ್ಥದ ಬಿಗಿತ. ಒತ್ತಿದ ಕಣವು ಎಷ್ಟು ಬಲವಾಗಿ ಪುಟಿದು ನೆರೆಯ ಕಣವನ್ನು ನೂಕುವುದೋ ಅಷ್ಟು ಬೇಗನೆ ಶಬ್ದವು ಮುಂದೆ ಸಾಗುವುದು. ಸಾಂದ್ರತೆಯು ಅದಕ್ಕೆ ಸಹಾಯಕವಲ್ಲ, ಹೊರೆ. ಭಾರವಾದ ಕಣವನ್ನು ಕದಲಿಸಲು ಹೊತ್ತು ಹಿಡಿಯುವುದಷ್ಟೆ. ಕಬ್ಬಿಣವು ಭಾರವಾಗಿದ್ದರೂ ಅದರ ಬಿಗಿತವು ಆ ಹೊರೆಯನ್ನು ಮೀರಿಸುವಷ್ಟಿದೆ. ಮೆತ್ತನೆಯ ಸೀಸಕ್ಕೆ ಆ ಬಲವಿಲ್ಲ.

ಇದೊಂದು ಸಣ್ಣ ವಿಷಯಕ್ಕೆ ಇಷ್ಟು ಮಾತೇಕೆ ಎಂದು ಹೆತ್ತವರು ಕೇಳಬಹುದು. ಬಾಯಿಪಾಠದ ಉತ್ತರದಿಂದ ತೃಪ್ತಳಾಗುವ ಅಭ್ಯಾಸವು ಹುಡುಗಿಗೆ ಇಂಥ ಸಣ್ಣ ವಿಷಯಗಳಲ್ಲಿಯೇ ಅಂಟಿಕೊಳ್ಳುವುದು ಎಂಬುದು ನನ್ನ ಅಭಿಪ್ರಾಯ. "ಹಾಗಾದರೆ ಸೀಸದಲ್ಲೇಕೆ ನಿಧಾನ?" ಎಂದು ಕೇಳುವವಳನ್ನು ಅಧಿಕಪ್ರಸಂಗಿಯೆಂದು ಗದರಿಸುವ ಮನೆಗಳು ಇನ್ನೂ ಇವೆ. ಪ್ಯಾರಿಸಿನ ಸೋಫಿ ಜರ್ಮೇನ್ ಎಂಬಾಕೆ ರಾತ್ರಿ ಗಣಿತವನ್ನು ಓದದಿರಲೆಂದು ಹೆತ್ತವರು ಆಕೆಯ ಕೋಣೆಯ ದೀಪವನ್ನೂ ಬೆಂಕಿಯನ್ನೂ ತೆಗೆಯಿಸಿದರೆಂದು ಹೇಳುವರು. 1794ರಲ್ಲಿ ಸ್ಥಾಪಿತವಾದ ಅಲ್ಲಿನ ಪ್ರಸಿದ್ಧ ವಿದ್ಯಾಲಯವು ಸ್ತ್ರೀಯರನ್ನು ಸೇರಿಸಿಕೊಳ್ಳಲಿಲ್ಲ. ಆಕೆ ಉಪನ್ಯಾಸಗಳ ಪ್ರತಿಗಳನ್ನು ತರಿಸಿ ಓದಿ, ಪುರುಷನ ಹೆಸರಿನಲ್ಲಿ ಉತ್ತರ ಬರೆದು ಕಳುಹಿಸಿದಳು. ಕಂಪಿಸುವ ತಗಡುಗಳ ಪುಟಿತವನ್ನು ಕುರಿತ ಪ್ರಬಂಧಕ್ಕಾಗಿ 1816ರಲ್ಲಿ ಫ್ರೆಂಚ್ ವಿಜ್ಞಾನ ಪರಿಷತ್ತಿನ ಬಹುಮಾನ ದೊರೆತುದು ಆಕೆಗೇ. ನಾವು ಮೇಲೆ ಹೇಳಿದ ಬಿಗಿತವೂ ಆ ಶಾಸ್ತ್ರದ ವಿಷಯವೇ.

ಪ್ರಯೋಗಕ್ಕೆ ಹಣವಿಲ್ಲವೆಂಬ ಮಾತು ಇಲ್ಲಿ ಸಲ್ಲದು. 1808ರಲ್ಲಿ ಬಯೋ ಎಂಬ ವಿದ್ವಾಂಸನು ಪ್ಯಾರಿಸಿನಲ್ಲಿ 951 ಮೀಟರು ಉದ್ದದ ನೀರಿನ ಕಬ್ಬಿಣದ ಕೊಳವೆಗಳ ಸಾಲಿನ ಒಂದು ತುದಿಯಲ್ಲಿ ಬಡಿಯಿಸಿ, ಇನ್ನೊಂದು ತುದಿಯಲ್ಲಿ ಎರಡು ಶಬ್ದಗಳನ್ನು ಕೇಳಿದನು: ಮೊದಲನೆಯದು ಕಬ್ಬಿಣದ ಮೂಲಕ, ಸುಮಾರು ಎರಡೂವರೆ ಸೆಕೆಂಡುಗಳ ತರುವಾಯ ಎರಡನೆಯದು ಗಾಳಿಯ ಮೂಲಕ. ಎಡೆಬಿಡದೆ ಜೋಡಿಸಿದ 100 ಮೀಟರು ಕಬ್ಬಿಣದ ಕೊಳವೆ ಎಲ್ಲಿಯಾದರೂ ದೊರೆತರೆ ಕಾಲು ಸೆಕೆಂಡಿನ ಅಂತರವು ಹುಡುಗಿಯರ ಕಿವಿಗೂ ಕೇಳಿಸುವುದು. ಒಂದು ಸುತ್ತಿಗೆಯಿದ್ದರೆ ಸಾಕು; ಒಬ್ಬಳು ಬಡಿಯಲಿ, ಉಳಿದವರು ಕಿವಿಯಿಟ್ಟು ಕೇಳಲಿ.