ವೀಸಾ ಕೊಡಿ ಅನ್ನೋ ಬಲಪಂಥ, ಬಾಗಿಲು ಮುಚ್ಚಿ ಅನ್ನೋ ಬಲಪಂಥ

2024ರ ಡಿಸೆಂಬರ್. ಟ್ರಂಪ್ ಗೆದ್ದಾಗಿತ್ತು, ಅಧಿಕಾರ ಹಿಡಿಯೋದಕ್ಕೆ ಇನ್ನೂ ಕೆಲವು ವಾರ ಬಾಕಿ. ಅಷ್ಟರಲ್ಲೇ ಅವರ ಪಾಳಯದೊಳಗೆ ಬೀದಿಜಗಳ ಶುರುವಾಯಿತು. ಚೆನ್ನೈ ಮೂಲದ ಶ್ರೀರಾಮ್ ಕೃಷ್ಣನ್ ಅವರನ್ನು ಶ್ವೇತಭವನದ ಎಐ ಸಲಹೆಗಾರರನ್ನಾಗಿ ಹೆಸರಿಸಿದ್ದೇ ನೆಪ. ಲಾರಾ ಲೂಮರ್ ಸಿಡಿದೆದ್ದರು. ಸ್ಟೀವ್ ಬ್ಯಾನನ್ ಎಚ್-1ಬಿ ವೀಸಾವೇ ಒಂದು ಮೋಸ ಎಂದರು. ಇತ್ತ ಇಲಾನ್ ಮಸ್ಕ್, ವಿವೇಕ್ ರಾಮಸ್ವಾಮಿ ಹೊರಗಿನ ಪ್ರತಿಭೆ ಬೇಕೇ ಬೇಕು ಅಂತ ವಾದಕ್ಕಿಳಿದರು. ಆಗ ಟ್ರಂಪ್ ಮಸ್ಕ್ ಕಡೆಗೆ ವಾಲಿದರು. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ, 2025ರ ಸೆಪ್ಟೆಂಬರ್ 19ರಂದು, ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹೇರುವ ಆದೇಶಕ್ಕೆ ಅದೇ ಟ್ರಂಪ್ ಸಹಿ ಹಾಕಿದರು. ಆಗಿನ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ. ಈ ವೀಸಾದಲ್ಲಿ ಹತ್ತಕ್ಕೆ ಏಳು ಭಾರತೀಯರ ಪಾಲಾಗುವುದರಿಂದ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅವತ್ತು ನಿದ್ದೆ ಬಂದಿರಲಿಕ್ಕಿಲ್ಲ.

ಟ್ರಂಪ್ ಯಾಕೆ ಉಲ್ಟಾ ಹೊಡೆದರು ಅಂತ ಕೇಳೋರಿದ್ದಾರೆ. ಅದಕ್ಕಿಂತ ಯಾವ ಬಣದ ಮಾತು ನಡೀತು ಅಂತ ಕೇಳಿದರೆ ಹೆಚ್ಚು ಗೊತ್ತಾಗುತ್ತದೆ. ನಾವು ‘ಬಲಪಂಥೀಯರು’ ಅಂತ ಒಂದೇ ಪದದಲ್ಲಿ ಮುಗಿಸಿಬಿಡುವ ಈ ಜನ ಒಂದೇ ಥರದವರಾಗಿ ಯಾವತ್ತೂ ಇರಲಿಲ್ಲ.

1955ರಲ್ಲಿ ವಿಲಿಯಂ ಬಕ್ಲಿ ‘ನ್ಯಾಷನಲ್ ರಿವ್ಯೂ’ ಪತ್ರಿಕೆ ಆರಂಭಿಸಿದಾಗ ಅಲ್ಲಿ ಸೇರಿದವರಲ್ಲೇ ಒಬ್ಬರನ್ನು ಕಂಡರೆ ಒಬ್ಬರಿಗೆ ಅಷ್ಟಕ್ಕಷ್ಟೇ. ಸರ್ಕಾರ ಯಾವುದಕ್ಕೂ ಕೈ ಹಾಕಬಾರದು ಅನ್ನೋ ಲಿಬರ್ಟೇರಿಯನ್ನರು ಒಂದು ಕಡೆ, ಧರ್ಮ-ಕುಟುಂಬ-ಪರಂಪರೆ ಉಳಿಯಬೇಕು ಅನ್ನುವವರು ಇನ್ನೊಂದು ಕಡೆ. ಇವರನ್ನು ಒಂದೇ ಸೂರಿನಡಿ ತರುವ ಸಿದ್ಧಾಂತ ಕಟ್ಟಿದ್ದು ಅದೇ ಪತ್ರಿಕೆಯ ಫ್ರಾಂಕ್ ಮೇಯರ್. ಆದರೆ ನಿಜವಾದ ಅಂಟು ಸಿದ್ಧಾಂತದ್ದಲ್ಲ, ಸೋವಿಯತ್ ಭಯದ್ದು. ಮುಂದೆ ಎಡದಿಂದ ಹೊರಳಿ ಬಂದ ಇರ್ವಿಂಗ್ ಕ್ರಿಸ್ಟಲ್‌ರಂಥ ನವ-ಸಂಪ್ರದಾಯವಾದಿಗಳು, ಅಂದರೆ ನಿಯೋಕಾನ್‌ಗಳು, ಚರ್ಚುಗಳ ಬಲದ ಇವ್ಯಾಂಜೆಲಿಕಲ್ಲರು ಬಂದು ಸೇರಿದರು. ಈ ಕೂಟವನ್ನೇ ಕಟ್ಟಿಕೊಂಡು ರೇಗನ್ 1980ರಲ್ಲಿ ಗೆದ್ದರು.

1991ರಲ್ಲಿ ಸೋವಿಯತ್ ಒಕ್ಕೂಟ ಹೋಯಿತು, ಅಂಟೂ ಹೋಯಿತು. ಮರುವರ್ಷವೇ ಪ್ಯಾಟ್ ಬುಕಾನನ್, ಹಾಲಿ ಅಧ್ಯಕ್ಷ ಬುಷ್ ವಿರುದ್ಧ ಪಕ್ಷದೊಳಗೇ ಸ್ಪರ್ಧಿಸಿದರು. ವಲಸೆ ಬೇಡ, ಮುಕ್ತ ವ್ಯಾಪಾರ ಬೇಡ, ಪರದೇಶದ ಯುದ್ಧ ಬೇಡ. ಸೋತರು. ಆದರೆ ಆ ಪಟ್ಟಿಯನ್ನು ಇವತ್ತು ಓದಿದರೆ 2016ರ ಟ್ರಂಪ್ ಭಾಷಣವೇ ಅನ್ನಿಸುತ್ತದೆ. ಹಳೇ ಬೇರಿನವರು ಎಂಬ ಅರ್ಥದಲ್ಲಿ ಇವರನ್ನು ‘ಪೇಲಿಯೋಕಾನ್’ ಎನ್ನುತ್ತಾರೆ. ಟ್ರಂಪ್ ಹೊಸದೇನನ್ನೋ ತಂದರು ಅನ್ನೋದನ್ನು ನಾನು ಒಪ್ಪಲ್ಲ. ಮೂಲೆಗೆ ಬಿದ್ದಿದ್ದ ಸರಕನ್ನು ಅಂಗಡಿಯ ಮುಂದಿಟ್ಟರು, ಅಷ್ಟೇ.

ನಿಯೋಕಾನ್‌ಗಳ ಮರ್ಯಾದೆ ಇರಾಕ್ ಯುದ್ಧದಲ್ಲಿ ಹೋಯಿತು. ಆ ಯುದ್ಧದ ಪ್ರಮುಖ ರೂವಾರಿ ಡಿಕ್ ಚೆನಿ 2024ರಲ್ಲಿ ಕಮಲಾ ಹ್ಯಾರಿಸ್‌ಗೆ ವೋಟು ಹಾಕುತ್ತೇನೆ ಅಂದುಬಿಟ್ಟರು. ಹಾಗಂತ ಯುದ್ಧಪ್ರಿಯರು ಪಕ್ಷ ಖಾಲಿ ಮಾಡಿಲ್ಲ. 2025ರ ಜೂನ್‌ನಲ್ಲಿ ಟಕರ್ ಕಾರ್ಲ್‌ಸನ್, ಸೆನೆಟರ್ ಟೆಡ್ ಕ್ರೂಜ್ ಅವರನ್ನು ಕೂರಿಸಿಕೊಂಡು ಇರಾನ್ ಜನಸಂಖ್ಯೆ ಎಷ್ಟು ಅಂತ ಕೇಳಿದರು, ಕ್ರೂಜ್‌ಗೆ ಗೊತ್ತಿರಲಿಲ್ಲ. ವಿಡಿಯೋ ಎಲ್ಲೆಡೆ ಓಡಾಡಿತು, ನಾವೂ ನಕ್ಕೆವು. ಕೆಲವೇ ದಿನಗಳಲ್ಲಿ ಟ್ರಂಪ್ ಇರಾನಿನ ಅಣುಕೇಂದ್ರಗಳ ಮೇಲೆ ಬಾಂಬ್ ಹಾಕಿಸಿದರು. ಚರ್ಚೆಯಲ್ಲಿ ಗೆದ್ದದ್ದು ಕಾರ್ಲ್‌ಸನ್, ನೀತಿಯಲ್ಲಿ ಕ್ರೂಜ್.

ಇವ್ಯಾಂಜೆಲಿಕಲ್ಲರದ್ದು ಇನ್ನೊಂದು ಕಥೆ. 2022ರಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ತೆಗೆದುಹಾಕಿದಾಗ ಐವತ್ತು ವರ್ಷದ ಹೋರಾಟ ಗೆದ್ದಿತು. ಎರಡೇ ವರ್ಷಕ್ಕೆ ಅವರ ಪಕ್ಷದ ಪ್ರಣಾಳಿಕೆಯಿಂದ ರಾಷ್ಟ್ರವ್ಯಾಪಿ ನಿರ್ಬಂಧದ ಬೇಡಿಕೆ ಮಾಯ. ರಾಜ್ಯಗಳೇ ನೋಡಿಕೊಳ್ಳಲಿ ಎಂದಾಯಿತು.

ದುಡ್ಡಿನ ವಿಷಯಕ್ಕೆ ಬಂದರೆ ಚಿತ್ರ ಇನ್ನೂ ಸ್ಪಷ್ಟ. ನಾವೀಗ ಕಾರ್ಮಿಕರ ಪಕ್ಷ ಅನ್ನೋ ಬಣವೊಂದು ರಿಪಬ್ಲಿಕನ್ನರಲ್ಲಿದೆ. ಸೆನೆಟರ್ ಜೋಶ್ ಹಾಲಿ ಅದರ ಮುಖ. ಬಡವರ ಆರೋಗ್ಯ ಯೋಜನೆ ಮೆಡಿಕೇಯ್ಡ್‌ಗೆ ಕತ್ತರಿ ಹಾಕಿದರೆ ತಪ್ಪಾಗುತ್ತದೆ ಅಂತ ಅವರು ಪತ್ರಿಕೆಯಲ್ಲಿ ಬರೆದರು. 2025ರ ಜುಲೈನಲ್ಲಿ ಅದಕ್ಕೇ ಕತ್ತರಿ ಹಾಕಿ, 2017ರ ತೆರಿಗೆ ಕಡಿತವನ್ನು ಕಾಯಂ ಮಾಡುವ ಮಸೂದೆ ಬಂದಾಗ ಅದರ ಪರವಾಗಿಯೇ ವೋಟು ಹಾಕಿದರು. ಭಾಷಣ ಬುಕಾನನ್‌ದು, ಬಜೆಟ್ಟು ರೇಗನ್‌ದು. ಸಾಲ ಏರುತ್ತೆ ಅಂತ ಕೊನೆತನಕ ಹಟ ಹಿಡಿದು ವಿರೋಧಿಸಿದವರು ರ್‍ಯಾಂಡ್ ಪಾಲ್, ಥಾಮಸ್ ಮ್ಯಾಸಿಯಂಥ ಬೆರಳೆಣಿಕೆಯ ಲಿಬರ್ಟೇರಿಯನ್ ಒಲವಿನವರು.

ಈ ಎಲ್ಲ ಜಗಳಗಳ ಕೆಳಗೆ ಇನ್ನೂ ಆಳದ ಒಂದು ಪ್ರಶ್ನೆಯಿದೆ: ಅಮೆರಿಕನ್ ಅಂದರೆ ಯಾರು? 1986ರಲ್ಲಿ ದಾಖಲೆಯಿಲ್ಲದ ಸುಮಾರು 27 ಲಕ್ಷ ವಲಸಿಗರಿಗೆ ಕಾನೂನಿನ ಮಾನ್ಯತೆ ಸಿಗುವಂತೆ ಮಾಡಿದ ಕಾಯ್ದೆಗೆ ಸಹಿ ಹಾಕಿದ್ದು ರೇಗನ್. ಜಗತ್ತಿನ ಯಾವ ಮೂಲೆಯವರೂ ಬಂದು ಅಮೆರಿಕನ್ ಆಗಬಹುದು ಎಂದು 1989ರ ಜನವರಿಯಲ್ಲಿ, ಅಧಿಕಾರ ಬಿಡುವ ಹಿಂದಿನ ದಿನ, ಹೇಳಿದವರೂ ಅವರೇ. 2024ರ ಸಮಾವೇಶದಲ್ಲಿ ಜೆ.ಡಿ. ವ್ಯಾನ್ಸ್ ಬೇರೆ ಮಾತಾಡಿದರು: ಅಮೆರಿಕ ಬರೀ ಒಂದು ವಿಚಾರ ಅಲ್ಲ, ಒಂದೇ ಇತಿಹಾಸ ಹಂಚಿಕೊಂಡ ಜನರ ಗುಂಪು. ಅವರ ಪತ್ನಿ ಉಷಾ ಆಂಧ್ರದಿಂದ ವಲಸೆ ಹೋದ ದಂಪತಿಯ ಮಗಳು ಅನ್ನೋದು ಬೇರೆ ಮಾತು.

ರಾಮಸ್ವಾಮಿ 2025ರ ಫೆಬ್ರವರಿಯಲ್ಲಿ ಓಹಾಯೋ ಗವರ್ನರ್ ಸ್ಪರ್ಧೆಗಿಳಿದರು. ಟ್ರಂಪ್ ಕೂಡಲೇ ಬೆಂಬಲ ಘೋಷಿಸಿದರು. ಹುಟ್ಟಿದ್ದು ಅದೇ ರಾಜ್ಯದ ಸಿನ್ಸಿನಾಟಿಯಲ್ಲಿ, ಬೆಳೆದದ್ದೂ ಅಲ್ಲೇ. ಆದರೂ ಅವರ ಪೋಸ್ಟುಗಳ ಕೆಳಗೆ, ಅವರದೇ ಪಾಳಯದವರಿಂದ, ಭಾರತಕ್ಕೆ ವಾಪಸ್ ಹೋಗು ಅನ್ನೋ ಕಮೆಂಟುಗಳು ಬೀಳುತ್ತವೆ.