ಕಾಗದದ ಶಾಂತಿ, ಕಿರ್ದಿಯ ಶಾಂತಿ

ನಾನು ಉಪಾಧ್ಯಾಯನಾಗಿದ್ದಾಗ ಚರಿತ್ರೆಯ ಪಾಠದ ನಡುವೆ ಒಬ್ಬ ಹುಡುಗ ಎದ್ದು ಕೇಳಿದ: “ಸಾರ್, 1919ರಲ್ಲಿ ಶಾಂತಿ ಒಪ್ಪಂದವಾಯಿತು ಅಂದಿರಿ, 1939ರಲ್ಲಿ ಮತ್ತೆ ಯುದ್ಧ ಅಂದಿರಿ. ಆ ಒಪ್ಪಂದದ ಕಾಗದ ಏನಾಯಿತು?” ತರಗತಿ ನಕ್ಕಿತು. ನಾನೂ ನಕ್ಕು ಮುಂದಿನ ಪಾಠಕ್ಕೆ ಹೋದೆ. ಅಂದು ಕೊಡದ ಉತ್ತರವನ್ನು ಇಂದು ಕೊಡುತ್ತಿದ್ದೇನೆ.

ಫ್ರಾನ್ಸ್ ಮತ್ತು ಜರ್ಮನಿ 1870, 1914, 1939ರಲ್ಲಿ, ಎಂದರೆ 70 ವರ್ಷಗಳೊಳಗೆ ಮೂರು ಬಾರಿ ಕಾದಾಡಿದವು. ಗಡಿಯ ಒಂದು ಕಡೆ ಲೊರೇನ್ ಪ್ರಾಂತದ ಕಬ್ಬಿಣದ ಅದಿರು, ಇನ್ನೊಂದು ಕಡೆ ರೂರ್ ಪ್ರದೇಶದ ಕಲ್ಲಿದ್ದಲು. ಎರಡೂ ಸೇರಿದರೆ ಉಕ್ಕು, ಉಕ್ಕಿದ್ದರೆ ಫಿರಂಗಿ. 1871ರಲ್ಲಿ ಗೆದ್ದ ಜರ್ಮನಿ ಆಲ್ಸೇಸನ್ನೂ ಲೊರೇನಿನ ಒಂದು ಭಾಗವನ್ನೂ ಕಿತ್ತುಕೊಂಡು, ಮೇಲೆ 500 ಕೋಟಿ ಫ್ರಾಂಕು ದಂಡ ಹೇರಿತು. 1919ರಲ್ಲಿ ಗೆದ್ದವರು ಬಡ್ಡಿ ಸೇರಿಸಿ ವಸೂಲಿಗೆ ನಿಂತರು. ಬಾಕಿ ಕಲ್ಲಿದ್ದಲು ಬರಲಿಲ್ಲವೆಂದು 1923ರ ಜನವರಿಯಲ್ಲಿ ಫ್ರೆಂಚ್ ಮತ್ತು ಬೆಲ್ಜಿಯನ್ ಸೇನೆಗಳು ರೂರಿಗೆ ನುಗ್ಗಿದವು. ಮಾರ್ಚ್ 31ರಂದು ಎಸ್ಸೆನ್ ಪಟ್ಟಣದ ಕ್ರುಪ್ ಕಾರ್ಖಾನೆಯಲ್ಲಿ ಫ್ರೆಂಚ್ ಸಿಪಾಯಿಗಳ ಗುಂಡಿಗೆ 13 ಮಂದಿ ಕಾರ್ಮಿಕರು ಸತ್ತರು. ಸಾಲ ಸರ್ಕಾರಗಳದು, ಪ್ರಾಣ ಮಾತ್ರ ದುಡಿಯುವವನದು!

ಪ್ರತಿಜ್ಞೆಗಳಿಗೇನೂ ಕೊರತೆ ಇರಲಿಲ್ಲ. ಯುದ್ಧವನ್ನೇ ತ್ಯಜಿಸುತ್ತೇವೆಂದು 1928ರಲ್ಲಿ 15 ರಾಷ್ಟ್ರಗಳು ಪ್ಯಾರಿಸಿನಲ್ಲಿ ಸಹಿ ಹಾಕಿದ್ದವು. ಅವುಗಳಲ್ಲಿ ಜರ್ಮನಿಯೂ ಒಂದು. ಅದಕ್ಕೂ ಮುಂಚೆ, ಯುದ್ಧ ಬಂದರೆ ತಡೆಯುತ್ತೇವೆಂದು ಯುರೋಪಿನ ಸಮಾಜವಾದಿಗಳು ಠರಾವು ಮಾಡಿದ್ದರು. 1914ರ ಜುಲೈ 31ರಂದು ಶಾಂತಿಗಾಗಿ ಹೋರಾಡುತ್ತಿದ್ದ ಝಾನ್ ಜೋರೆಸರನ್ನು ಪ್ಯಾರಿಸಿನಲ್ಲಿ ಗುಂಡಿಟ್ಟು ಕೊಂದರು. ನಾಲ್ಕೇ ದಿನಗಳಲ್ಲಿ ಜರ್ಮನ್ ಸಮಾಜವಾದಿಗಳು ತಮ್ಮ ಸಂಸತ್ತಿನಲ್ಲಿ ಯುದ್ಧದ ಸಾಲಕ್ಕೆ ಕೈ ಎತ್ತಿದರು. ಠರಾವು ಮಾಡುವಾಗ ಅವರ ಮನಸ್ಸು ಸುಳ್ಳಾಗಿರಲಿಲ್ಲ. ಆದರೆ ಅದನ್ನು ಕಾಯುವ ಕಚೇರಿಯಾಗಲಿ ಕಾನೂನಾಗಲಿ ಇರಲಿಲ್ಲ.

ಹಾಗಾದರೆ 1945ರ ನಂತರ ಆದುದೇನು? 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್, ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಅಧಿಕಾರ ಮಂಡಳಿಯ ಕೆಳಗೆ ತರೋಣವೆಂದರು. 1951ರಲ್ಲಿ ಆರು ದೇಶಗಳು ಒಪ್ಪಿದವು. ಲಕ್ಸೆಂಬರ್ಗಿನಲ್ಲಿ ಕುಳಿತ ಆ ಮಂಡಳಿಯ ಸದಸ್ಯರು ತಮ್ಮ ತಮ್ಮ ಸರ್ಕಾರಗಳ ಅಪ್ಪಣೆಗೆ ಕಾಯಬೇಕಾಗಿರಲಿಲ್ಲ. ಯಾವ ದೇಶ ಎಷ್ಟು ಉಕ್ಕು ತೆಗೆಯಿತೆಂಬ ಲೆಕ್ಕ ನೆರೆಯವನ ಕಣ್ಣ ಮುಂದೆಯೇ ಇತ್ತು. ಕಳ್ಳತನದಲ್ಲಿ ಫಿರಂಗಿ ಎರಕ ಹೊಯ್ಯುವುದು ಇನ್ನು ಹೇಗೆ? ಉತ್ಪಾದನೆಯ ಮೇಲೆ ಎತ್ತಿದ ಕರದಿಂದ ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸಿದರು, ಕಾರ್ಮಿಕರ ಮನೆಗಳಿಗೆ ನೆರವು ಕೊಟ್ಟರು. ಬೆಲ್ಜಿಯಮ್ಮಿನ ಕಾರ್ಮಿಕ ಸಂಘದ ಮುಖಂಡ ಪಾಲ್ ಫಿನೆ ಮಂಡಳಿಯ ಸದಸ್ಯರಾಗಿದ್ದು 1958ರಲ್ಲಿ ಅದರ ಅಧ್ಯಕ್ಷರೂ ಆದರು. ಜರ್ಮನಿಯ ಸಮಾಜವಾದಿಗಳು ಅಂದು ಇದನ್ನು ವಿರೋಧಿಸಿದರು. ಬ್ರಿಟನ್ನಿನ ಲೇಬರ್ ಸರ್ಕಾರ ಹೊರಗೇ ಉಳಿಯಿತು. ನಮ್ಮ ಹಾದಿಯವರ ಈ ತಪ್ಪನ್ನು ನಾವು ಮುಚ್ಚಿಡಬಾರದು. ಆ ಎರಡು ದೇಶಗಳ ನಡುವೆ 80 ವರ್ಷಗಳಿಂದ ಯುದ್ಧವಿಲ್ಲ.

ವ್ಯಾಪಾರ ಬೆಳೆದರೆ ಶಾಂತಿ ತಾನಾಗಿ ಬರುತ್ತದೆ ಎನ್ನುವವರಿದ್ದಾರೆ. ಅಂಗಡಿ ನಡೆಸುವ ನೀವೇ ಹೇಳಿ: ಗಿರಾಕಿಯೂ ಪಾಲುಗಾರನೂ ಒಂದೆಯೇ? ಗಿರಾಕಿ ಇಂದು ನಿಮ್ಮಲ್ಲಿ, ನಾಳೆ ಎದುರಂಗಡಿಯಲ್ಲಿ. ಪಾಲುಗಾರ ಮಾತ್ರ ದಿನವೂ ಕಿರ್ದಿ ನೋಡುತ್ತಾನೆ. 1914ರ ಮುಂಚೆ ಬ್ರಿಟನ್ನಿಗೂ ಜರ್ಮನಿಗೂ ಭಾರೀ ವ್ಯಾಪಾರವಿತ್ತು. 2011ರಿಂದ ಬಾಲ್ಟಿಕ್ ಸಮುದ್ರದ ತಳದ ಕೊಳವೆಯಲ್ಲಿ ರಷ್ಯದ ಅನಿಲ ಜರ್ಮನಿಗೆ ಹರಿಯುತ್ತಿತ್ತು. ಆದರೂ 2022ರ ಫೆಬ್ರವರಿ 24ರಂದು ರಷ್ಯದ ಟ್ಯಾಂಕುಗಳು ಉಕ್ರೇನಿಗೆ ನುಗ್ಗಿದವು. ಪಾಲುಗಾರಿಕೆಗೂ ಮಿತಿ ಇದೆ: ಅದರ ಹೊರಗಿದ್ದ ಆಲ್ಜೀರಿಯದ ಮೇಲೆ ಇದೇ ಫ್ರಾನ್ಸ್ 1954ರಿಂದ 1962ರವರೆಗೆ ಯುದ್ಧ ನಡೆಸಿತು. ಆದ್ದರಿಂದ ಪಾಲು ವಿಸ್ತರಿಸಬೇಕು. ಬಲಿಷ್ಠರ ಕೂಟವಾಗಿ ಉಳಿಯಬಾರದು.

ನಮ್ಮ ನೆರೆಯನ್ನೇ ನೋಡಿ. 1960ರ ಸಿಂಧೂ ಒಪ್ಪಂದ ಆರು ನದಿಗಳನ್ನು ಭಾರತ ಪಾಕಿಸ್ತಾನಗಳಿಗೆ ಮೂರು ಮೂರಾಗಿ ಹಂಚಿತು. 1965ರ, 1971ರ ಯುದ್ಧಗಳಲ್ಲೂ ಅದು ಮುರಿಯಲಿಲ್ಲ. ಅದು ದೊಡ್ಡ ಮಾತೇ ಸರಿ. ಆದರೆ ಅಣ್ಣತಮ್ಮಂದಿರು ಪಾಲಾದಂತೆ ಹಂಚಿಕೊಂಡರೇ ಹೊರತು ಒಂದೇ ಆಡಳಿತಕ್ಕೆ ಕೂಡಿಸಲಿಲ್ಲ. 2025ರ ಏಪ್ರಿಲಿನಲ್ಲಿ ಪಹಲ್ಗಾಮಿನ ಕೊಲೆಗಳ ನಂತರ ಭಾರತ ಅದನ್ನು ತಡೆಹಿಡಿಯಿತು. ಕೊಂದವರ ಮೇಲಿನ ಸಿಟ್ಟು ನ್ಯಾಯವಾದದ್ದು. ಆದರೆ ಸಿಟ್ಟು ಇಳಿದ ದಿನ ಕಟ್ಟಬೇಕಾದದ್ದೇನು ಎಂಬುದನ್ನು ಈಗಲೇ ಯೋಚಿಸಬೇಡವೇ?

ಬಂಧುಗಳೇ, ಇನ್ನು ಮುಂದೆ ಯಾವ ದೇಶದ ನಾಯಕರು ಕೈ ಕುಲುಕಿದ ಚಿತ್ರ ಪತ್ರಿಕೆಯಲ್ಲಿ ಬಂದರೂ ಮೂರು ಪ್ರಶ್ನೆ ಕೇಳಿ. ಯಾವ ಆಸ್ತಿಯನ್ನು ಕೂಡಿಸಿದರು? ಲೆಕ್ಕವನ್ನು ಯಾರು ನೋಡುತ್ತಾರೆ? ಅಲ್ಲಿ ದುಡಿಯುವವನಿಗೆ ಕುರ್ಚಿ ಇದೆಯೇ?

ಆ ಹುಡುಗನಿಗೆ ನನ್ನ ಉತ್ತರ ಇಷ್ಟೇ: ಕಾಗದ ಎಲ್ಲಿಗೂ ಹೋಗಲಿಲ್ಲ ಮಗು, ಭದ್ರವಾಗಿಯೇ ಇತ್ತು. ಅದರಲ್ಲಿ ಸಹಿ ಇತ್ತು, ದಂಡ ಇತ್ತು. ಸೋತವನಿಗೆ ಪಾಲು ಇರಲಿಲ್ಲ.